ಬಸುರಿಗೆ ರುಬೆಲ್ಲಾ ತಗುಲಿದರೆ? ಮುಂಚೆಯೇ ಮಾಡಬೇಕಾದ್ದು, ಆಮೇಲೆ ಮಾಡಬೇಕಾದ್ದು

ರುಬೆಲ್ಲಾ ದೊಡ್ಡವರಿಗೆ ಅಂಥ ದೊಡ್ಡ ಕಾಯಿಲೆಯೇನಲ್ಲ. ಸಣ್ಣ ಜ್ವರ, ಕಿವಿಯ ಹಿಂದೆ ಗಂಟು, ಮುಖದಿಂದ ಶುರುವಾಗಿ ಮೈಗೆ ಇಳಿಯುವ ಕೆಂಪು ದದ್ದು. ಕೆಲವರಿಗೆ ಅದೂ ಇರುವುದಿಲ್ಲ. ನಮ್ಮಲ್ಲಿ ದದ್ದು ಎದ್ದರೆ ‘ಅಮ್ಮ ಬಂದಿದೆ’ ಅಂತ ಬೇವಿನ ಸೊಪ್ಪು ಕಟ್ಟಿ ಸುಮ್ನಿರುತ್ತಾರೆ. ಬಸುರಿ ಇರುವ ಮನೆಯಲ್ಲಿ ಅಷ್ಟು ಸಾಲದು.

ಯಾಕೆಂದರೆ ಮೊದಲ ಮೂರು ತಿಂಗಳಲ್ಲಿ ಸೋಂಕು ತಗುಲಿದರೆ ವೈರಸ್ ಮಾಸು ದಾಟಿ, ಕಣ್ಣು, ಕಿವಿ, ಹೃದಯ ಆಗಷ್ಟೇ ರೂಪುಗೊಳ್ಳುತ್ತಿರುವ ಮಗುವನ್ನು ಮುಟ್ಟುವ ಸಾಧ್ಯತೆ ತುಂಬಾ ಜಾಸ್ತಿ. ಗರ್ಭ ಇಳಿಯಬಹುದು. ಮಗು ಉಳಿದರೂ ಕಣ್ಣಿನ ಪೊರೆ, ಕಿವುಡು, ಹೃದಯದ ತೊಂದರೆ ಬರಬಹುದು. ಇದನ್ನು 1941ರಲ್ಲಿ ಗುರುತಿಸಿದವರು ಸಿಡ್ನಿಯ ಕಣ್ಣಿನ ಡಾಕ್ಟರ್ ನಾರ್ಮನ್ ಗ್ರೆಗ್. ಪೊರೆ ಬಂದ ಎಳೆಕೂಸುಗಳ ತಾಯಂದಿರನ್ನು ವಿಚಾರಿಸಿದರೆ, ಹೆಚ್ಚಿನವರಿಗೆ ಬಸುರಿನ ಶುರುವಿನಲ್ಲಿ ರುಬೆಲ್ಲಾ ಬಂದುಹೋಗಿತ್ತು. 20 ವಾರ ದಾಟಿದ ಮೇಲೆ ಅಪಾಯ ತೀರಾ ಕಡಿಮೆ.

ಹಾಗಾಗಿ ಮಗು ಬೇಕು ಅಂದುಕೊಂಡಾಗಲೇ ಹಳೇ ಲಸಿಕೆ ಕಾರ್ಡ್ ಹುಡುಕಿ. ಕರ್ನಾಟಕದಲ್ಲಿ 2017ರ ಫೆಬ್ರವರಿಯಲ್ಲಿ 9 ತಿಂಗಳಿಂದ 15 ವರ್ಷದೊಳಗಿನ ಮಕ್ಕಳಿಗೆ ದಡಾರ-ರುಬೆಲ್ಲಾ ಲಸಿಕೆ ಹಾಕಿದರು. ಆಗ ಅದಕ್ಕಿಂತ ದೊಡ್ಡವರಾಗಿದ್ದವರಿಗೆ ಸಿಕ್ಕಿರಲಿಕ್ಕಿಲ್ಲ. ಅನುಮಾನವಿದ್ದರೆ ಐಜಿಜಿ (ಹಳೇ ಸೋಂಕು ಅಥವಾ ಲಸಿಕೆಯಿಂದ ಬಂದ ರಕ್ಷಣೆ ತೋರಿಸುವ ಪ್ರತಿಕಾಯ) ರಕ್ತಪರೀಕ್ಷೆ ಮಾಡಿಸಿ. ರಕ್ಷಣೆ ಇಲ್ಲದಿದ್ದರೆ ಲಸಿಕೆ ಹಾಕಿಸಿಕೊಂಡು ಒಂದು ತಿಂಗಳು ಬಸುರಾಗದಂತೆ ನೋಡಿಕೊಳ್ಳಿ. ಬಸುರಾದ ಮೇಲೆ ಈ ಲಸಿಕೆ ಕೊಡುವುದಿಲ್ಲ, ಇದರಲ್ಲಿರುವುದು ಜೀವಂತ ವೈರಸ್. ಗೊತ್ತಿಲ್ಲದೆ ಹಾಕಿಸಿಕೊಂಡಿದ್ದರೆ ಡಾಕ್ಟರಿಗೆ ಹೇಳಿ, ಅದೊಂದೇ ಕಾರಣಕ್ಕೆ ಗರ್ಭ ತೆಗೆಸಬೇಕಿಲ್ಲ.

ಬಸುರಿನಲ್ಲೇ ದದ್ದು ಬಂತು, ಅಥವಾ ದದ್ದು ಬಂದವರ ಪಕ್ಕ ಕೂತಿದ್ದಿರಿ ಅಂದರೆ, ಆಸ್ಪತ್ರೆಗೆ ಮೊದಲು ಫೋನ್ ಮಾಡಿ. ನೇರ ಹೋಗಿ ಬೇರೆ ಬಸುರಿಯರ ನಡುವೆ ಕೂರಬೇಡಿ. ಎಷ್ಟನೇ ವಾರ, ಯಾವತ್ತು ಸಂಪರ್ಕ ಆಯಿತು ಅಂತ ಬರೆದಿಟ್ಟುಕೊಳ್ಳಿ. ರಿಪೋರ್ಟ್ ಬಂದಾಗ ಬರೀ ‘ಪಾಸಿಟಿವ್’ ಅಂತ ಓದಿ ಹೆದರಬೇಡಿ. ಐಜಿಜಿ ಮಾತ್ರ ಪಾಸಿಟಿವ್ ಇದ್ದರೆ ಸಾಮಾನ್ಯವಾಗಿ ಹಳೇ ರಕ್ಷಣೆ ಇದೆ ಅಂತ, ಒಳ್ಳೆಯದೇ ಅಲ್ವಾ? ಐಜಿಎಂ (ಸೋಂಕಿನ ಶುರುವಿನಲ್ಲಿ ಕಾಣುವ ಪ್ರತಿಕಾಯ) ಪಾಸಿಟಿವ್ ಆದರೆ ಹೊಸ ಸೋಂಕಿನ ಅನುಮಾನ, ಆದರೆ ಅದೂ ಕೆಲವೊಮ್ಮೆ ತಪ್ಪು ತೋರಿಸುತ್ತದೆ. ಎರಡು-ಮೂರು ವಾರ ಬಿಟ್ಟು ಮತ್ತೆ ಪರೀಕ್ಷೆ ಮಾಡಿಸದೆ ಯಾವ ತೀರ್ಮಾನಕ್ಕೂ ಬರಬೇಡಿ.

ಸೋಂಕು ಖಚಿತವಾದರೆ ಅದನ್ನು ಓಡಿಸುವ ಔಷಧಿ ಇಲ್ಲ. ಸ್ಕ್ಯಾನ್‌ನಲ್ಲಿ ಹೃದಯದ ತೊಂದರೆ ಕಾಣಬಹುದು, ಕಿವುಡು ಕಾಣದು. ಹೆರಿಗೆಯಾದ ಮೇಲೆ ಮಗುವಿನ ಕಣ್ಣು, ಕಿವಿ, ಹೃದಯ ಮೂರನ್ನೂ ಪರೀಕ್ಷೆ ಮಾಡಿಸಿ. ಹೊಟ್ಟೆಯಲ್ಲೇ ಸೋಂಕಾದ ಮಗುವಿನಿಂದ ಒಂದು ವರ್ಷದವರೆಗೂ ವೈರಸ್ ಹರಡಬಹುದು, ನೋಡಲು ಬರುವ ಬಸುರಿಯರಿಗೆ ಮೊದಲೇ ತಿಳಿಸಿ.