ಆಲೆಮನೆಯಿಂದ ತರಗತಿಗೆ: ದುಡಿಯುವ ಮಗುವನ್ನು ಶಾಲೆಗೆ ತಂದು ಉಳಿಸಿಕೊಳ್ಳುವುದು ಹೇಗೆ?

ಪಾಂಡವಪುರದ ಕಡೆ ಒಂದು ಆಲೆಮನೆ. ಗಾಣದಿಂದ ಬಿದ್ದ ಕಬ್ಬಿನ ಸಿಪ್ಪೆಯನ್ನು ಬಿಸಿಲಿಗೆ ಹರವುತ್ತಿದ್ದ 11 ವರ್ಷದ ಹುಡುಗನನ್ನು ಊರಿನ ನಾಲ್ವರು ಯುವಕರು ಒಂದು ಸಂಜೆ ‘ಬಿಡಿಸಿದರು’. ಮಾಲೀಕನ ಜೊತೆ ಜಗಳವಾಯಿತು, ವಿಡಿಯೊ ಆಯಿತು, ಹುಡುಗನ ಮುಖ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡಿತು. ಬೆಳಗಾಗುವಷ್ಟರಲ್ಲಿ ಆ ಗುಡಿಸಲು ಖಾಲಿ. ಮೇಸ್ತ್ರಿ ರಾತ್ರೋರಾತ್ರಿ ಇಡೀ ಕುಟುಂಬವನ್ನು ಟೆಂಪೊ ಹತ್ತಿಸಿ ಕಳಿಸಿಬಿಟ್ಟಿದ್ದ. ಹುಡುಗ ಈಗ ಯಾವ ಊರಿನಲ್ಲಿ ಸಿಪ್ಪೆ ಹರವುತ್ತಿದ್ದಾನೋ ಯಾರಿಗೂ ತಿಳಿಯದು.

ಆ ಯುವಕರು ಕೆಟ್ಟವರಲ್ಲ. ಅವರಿಗೆ ಕ್ರಮ ಗೊತ್ತಿರಲಿಲ್ಲ, ಅಷ್ಟೇ. 30 ವರ್ಷ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿದ ನಾನು ಈ ಕೆಲಸ ಕೆಟ್ಟುಹೋಗುವುದನ್ನು ಹಲವು ರೀತಿಯಲ್ಲಿ ಕಂಡಿದ್ದೇನೆ. ಹಾಗಾಗಿ ಕ್ರಮವಾಗಿ ಬರೆಯುತ್ತಿದ್ದೇನೆ.

1. ಮೊದಲು ಇದು ದುಡಿಮೆಯೋ, ನೆರವೋ ನೋಡಿ

1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿಯಾದ ಮೇಲೆ ಲೆಕ್ಕ ಸರಳ. 14 ತುಂಬದ ಮಗುವನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. ಬಾಲ ಕಲಾವಿದರಿಗೆ ವಿನಾಯಿತಿ ಇದೆ. ಸ್ವಂತ ಮನೆಯ ಹೊಲ, ಅಂಗಡಿಗಳಲ್ಲಿ ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ, ಅಪಾಯವಿಲ್ಲದ ಕೆಲಸಕ್ಕೆ ಕೈಜೋಡಿಸಬಹುದು. 14ರಿಂದ 18ರವರೆಗಿನವರನ್ನು ಗಣಿ, ಸ್ಫೋಟಕ ಮತ್ತಿತರ ಅಪಾಯಕಾರಿ ಕೆಲಸಗಳಿಗೆ ಹಚ್ಚುವಂತಿಲ್ಲ. ಉಳಿದ ಕಡೆಗಳಲ್ಲೂ ಸಂಜೆ 7ರಿಂದ ಬೆಳಿಗ್ಗೆ 8ರವರೆಗೆ ದುಡಿಸುವಂತಿಲ್ಲ, ಬಿಡುವೂ ಸೇರಿ ದಿನಕ್ಕೆ 6 ಗಂಟೆ ಮೀರುವಂತಿಲ್ಲ. ರಾತ್ರಿ 9ಕ್ಕೆ ಹೋಟೆಲಿನಲ್ಲಿ ಟೇಬಲ್ ಒರೆಸುವ ಹುಡುಗನ ಬಗ್ಗೆ ಮಾಲೀಕ ‘ಅವನಿಗೆ 15 ತುಂಬೈತೆ ಸಾರ್’ ಎಂದರೆ, ಆ ಮಾತು ನಿಜವಾದರೂ ಕೆಲಸ ಕಾನೂನಿಗೆ ವಿರುದ್ಧವೇ.

ಗೊಂದಲವಾಗುವುದು ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿನ ಸೀಮೆಯಲ್ಲಿ. ಸೊಪ್ಪು ಮುರಿಯುವ, ಕಡ್ಡಿಗೆ ಪೋಣಿಸುವ, ಸೊಪ್ಪು ಒಣಗಿಸುವ ಗೂಡಾದ ಬ್ಯಾರನ್‌ಗೆ ಏರಿಸುವ ದಿನಗಳಲ್ಲಿ ಇಡೀ ಮನೆ ಜಗಲಿಯ ಮೇಲಿರುತ್ತದೆ. ‘ನಮ್ಮನೆ ಕೆಲಸ, ನಮ್ಮ ಮಗ’ ಎನ್ನುತ್ತಾರೆ. ನಾನು ನೋಡುವುದು ಎರಡನ್ನು: ಆ ದಿನ ಶಾಲೆಯ ಬೆಂಚು ಖಾಲಿ ಇತ್ತೇ? ಮಗುವಿನ ಕೈ ಹಸಿ ಸೊಪ್ಪನ್ನು ಮುಟ್ಟುತ್ತಿದೆಯೇ? ಒದ್ದೆ ಎಲೆಯ ನಿಕೋಟಿನ್ ಚರ್ಮದ ಮೂಲಕವೇ ಮೈಗೆ ಇಳಿಯುತ್ತದೆ. ವಾಂತಿ, ತಲೆನೋವು, ತಲೆಸುತ್ತು ಬರುತ್ತದೆ. ಮನೆಯವರು ‘ಬಿಸಿಲಿಗೆ ಆಗಿರ್ಬೇಕು’ ಎಂದುಕೊಳ್ಳುತ್ತಾರೆ. ಎಳೆ ಮೈಗೆ ಆ ಸೊಪ್ಪು ಬೇಡವೇ ಬೇಡ, ಸ್ವಂತ ಹೊಲದ್ದಾದರೂ ಸರಿ.

ಇನ್ನೊಂದು ಮಾತು. ‘ನಮ್ಮಲ್ಲಿ ಬಾಲಕಾರ್ಮಿಕರಿಲ್ಲ’ ಎಂಬ ಬೋರ್ಡನ್ನು ನಂಬಿ ಸುಮ್ಮನಾಗಬೇಡಿ. ಬೋರ್ಡು ಗಲ್ಲಾಪೆಟ್ಟಿಗೆಯ ಮೇಲಿರುತ್ತದೆ, ಮಗು ಹಿಂಬದಿಯಲ್ಲಿ ಪಾತ್ರೆ ತೊಳೆಯುತ್ತಿರುತ್ತದೆ.

2. ಕರೆ ಮಾಡಿ, ಜಗಳ ಬೇಡ

ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ದುಡ್ಡಿಲ್ಲ, ಹಗಲುರಾತ್ರಿ ಇರುತ್ತದೆ. ಸ್ಥಳದ ಗುರುತು, ಮಗು ಯಾವ ಹೊತ್ತಿಗೆ ಅಲ್ಲಿರುತ್ತದೆ, ಕುಟುಂಬ ಅಲ್ಲೇ ವಾಸವಿದೆಯೇ, ಈ ಮೂರನ್ನು ಬಿಡದೆ ಹೇಳಿ. ಮಾಲೀಕನ ಮುಂದೆ ಒಂದು ಮಾತೂ ಆಡಬೇಡಿ. ಫೋಟೊ ತೆಗೆದಿದ್ದರೆ ಅಧಿಕಾರಿಗೆ ಮಾತ್ರ ಕೊಡಿ. ಇಂಥ ಮಗುವಿನ ಗುರುತು ಬಯಲು ಮಾಡುವುದು ಬಾಲನ್ಯಾಯ ಕಾಯ್ದೆಯಡಿ ಅಪರಾಧ, 6 ತಿಂಗಳವರೆಗೆ ಸೆರೆ ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು.

3. ಮುಂದಿನ 24 ಗಂಟೆ ನಿಮ್ಮದಲ್ಲ

ಅಧಿಕಾರಿಗಳು ಮಗುವನ್ನು 24 ಗಂಟೆಯೊಳಗೆ, ಅದರ ಆರೈಕೆ, ರಕ್ಷಣೆಯನ್ನು ತೀರ್ಮಾನಿಸುವ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸುತ್ತಾರೆ. ಮಾಲೀಕನಿಗೆ 6 ತಿಂಗಳಿಂದ 2 ವರ್ಷದವರೆಗೆ ಸೆರೆ ಅಥವಾ 20,000ದಿಂದ 50,000 ರೂಪಾಯಿ ದಂಡ ಅಥವಾ ಎರಡೂ. ಆ ದಂಡದ ಹಣ ಪುನರ್ವಸತಿ ನಿಧಿಗೆ ಹೋಗುತ್ತದೆ, ಮಗುವಿನ ಲೆಕ್ಕಕ್ಕೆ ಸರ್ಕಾರ 15,000 ರೂಪಾಯಿ ಸೇರಿಸುತ್ತದೆ. ಮಗುವಿನ ಹೆಸರಿನಲ್ಲಿ ಬ್ಯಾಂಕ್ ಖಾತೆ ಆಗಿದೆಯೇ ಎಂದು ತಿಂಗಳಾದ ಮೇಲೆ ವಿಚಾರಿಸಿ. ವಯಸ್ಸಿನ ಪ್ರಶ್ನೆ ಬಂದರೆ ಮಗು ಮೊದಲು ಸೇರಿದ ಶಾಲೆಯ ದಾಖಲಾತಿ ಪುಸ್ತಕ ಹುಡುಕಿಸಿ. ಆಧಾರ್ ಕಾರ್ಡಿನ ವರ್ಷವನ್ನು ನೆಚ್ಚಬೇಡಿ.

4. ಮನೆ: ಕೆಲಸ ಕೆಡುವುದು ಇಲ್ಲೇ

ಮಗು ವಾಪಸು ಮನೆಗೆ ಬಂದ ದಿನ ಎಲ್ಲರೂ ಕೈತೊಳೆದುಕೊಳ್ಳುತ್ತಾರೆ. ನಿಜವಾದ ಕೆಲಸ ಶುರುವಾಗುವುದು ಆ ದಿನ.

ಬಡತನ ಎಂದು ಒಂದೇ ಪದದಲ್ಲಿ ಹೇಳಿ ಮುಗಿಸಿದರೆ ಕಾರಣ ಸಿಗುವುದಿಲ್ಲ. ಒಂದೇ ಬೀದಿಯಲ್ಲಿ ಅಷ್ಟೇ ಬಡವರಾದ ಎರಡು ಮನೆಗಳಿರುತ್ತವೆ, ಒಂದು ಮನೆಯ ಮಗು ಶಾಲೆಯಲ್ಲಿರುತ್ತದೆ, ಇನ್ನೊಂದರದು ಗ್ಯಾರೇಜಿನಲ್ಲಿ. ಆ ಎರಡನೇ ಮನೆಗೆ ಏನಾಯಿತು ಎಂದು ಕೇಳಬೇಕು. ನಾನು ಕಂಡ ಹೆಚ್ಚಿನ ಮನೆಗಳಲ್ಲಿ ಉತ್ತರ ಒಂದು ತಾರೀಖಿನ ಜೊತೆ ಬರುತ್ತದೆ: ಅಪ್ಪ ಮರದಿಂದ ಬಿದ್ದ ದಿನ, ಅಕ್ಕನ ಮದುವೆ, ಅಜ್ಜಿಯ ಆಪರೇಷನ್. ಅವತ್ತು ತಂದ ಮುಂಗಡ ಇವತ್ತಿಗೂ ತೀರಿರುವುದಿಲ್ಲ.

ಸಂಜೆ ಹೋಗಿ. ಬೆಳಿಗ್ಗೆ ಕೂಲಿಗೆ ಹೊರಟವರನ್ನು ನಿಲ್ಲಿಸಿ ಬುದ್ಧಿ ಹೇಳಿದರೆ ಅವರಿಗೆ ಕೇಳುವುದಿಲ್ಲ. ಒಬ್ಬರೇ ಹೋಗಿ, ಹೆಚ್ಚೆಂದರೆ ಊರಿನ ಅಂಗನವಾಡಿ ಕಾರ್ಯಕರ್ತೆಯನ್ನೋ ಆಶಾ ಕಾರ್ಯಕರ್ತೆಯನ್ನೋ ಕರೆದುಕೊಂಡು ಹೋಗಿ. ಮೊದಲು ಮಾತನಾಡಬೇಕಾದ್ದು ತಾಯಿಯ ಹತ್ತಿರ. ಒಲೆಯ ಮುಂದೆ ಕುಳಿತು ಆಕೆ ಹೇಳುವ ಲೆಕ್ಕ ತಂದೆ ಜಗಲಿಯಲ್ಲಿ ಹೇಳುವ ಲೆಕ್ಕಕ್ಕಿಂತ ಸರಿಯಾಗಿರುತ್ತದೆ. ‘ಓದಿದರೆ ದೊಡ್ಡವನಾಗ್ತಾನೆ’ ಎಂಬ ಮಾತು ಎತ್ತಬೇಡಿ. ಅದು ಆಕೆಗೆ ನಿಮಗಿಂತ ಚೆನ್ನಾಗಿ ಗೊತ್ತು. ಮದ್ದೂರಿನ ಬಳಿ ಒಬ್ಬ ತಾಯಿ ನನಗೆ ಹೇಳಿದ್ದು ಇಷ್ಟೇ: ‘ಸ್ಕೂಲು ಒಳ್ಳೇದೆ ಮೇಷ್ಟ್ರೇ, ಸೋಮವಾರ ಸಂಘದ ಕಂತು ಯಾರ್ ಕಟ್ತಾರೆ?’ ಅವತ್ತಿನಿಂದ ನಾನು ಆ ಸೋಮವಾರದಿಂದಲೇ ಮಾತು ಶುರುಮಾಡುತ್ತೇನೆ.

ಒಂದು ಹಾಳೆ ತೆಗೆದು ಆಕೆಯ ಎದುರಿಗೇ ಬರೆಯಿರಿ. ಮಗು ತರುತ್ತಿದ್ದ ದುಡ್ಡು ವಾರಕ್ಕೆ ಎಷ್ಟು? ಸಾಲ ಯಾರ ಹತ್ತಿರ, ಎಷ್ಟು, ಬಡ್ಡಿ ಎಷ್ಟು? ಮಗುವಿನ ದುಡಿಮೆ ಸಾಲಕ್ಕೆ ವಜಾ ಆಗುತ್ತಿತ್ತೇ? ಈ ಕೊನೆಯ ಪ್ರಶ್ನೆಯನ್ನು ಬಿಡಲೇಬೇಡಿ. ಮುಂಗಡ ಕೊಟ್ಟು ಅದು ತೀರುವವರೆಗೆ ದುಡಿಸಿಕೊಂಡಿದ್ದರೆ ಅದು ಜೀತ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯ ಪ್ರಕಾರ ಆ ಸಾಲವೇ ಇಲ್ಲವಾಗುತ್ತದೆ, ಕುಟುಂಬ ಒಂದು ಪೈಸೆಯನ್ನೂ ತೀರಿಸಬೇಕಾಗಿಲ್ಲ. ಉಪವಿಭಾಗಾಧಿಕಾರಿಗೆ ಅರ್ಜಿ ಕೊಟ್ಟು ಬಿಡುಗಡೆ ಪತ್ರ ಪಡೆಯಬೇಕು. ಎಷ್ಟೋ ತಾಯಂದಿರು ಇದನ್ನು ಕೇಳಿ ನಂಬುವುದಿಲ್ಲ. ಋಣ ಇಟ್ಟುಕೊಂಡು ಸಾಯಬಾರದು ಎಂಬ ಭಾವನೆ ನಮ್ಮಲ್ಲಿ ಆಳವಾಗಿದೆ, ಆ ಮರ್ಯಾದೆಯೇ ಮಗುವನ್ನು ಕೊಪ್ಪರಿಗೆಯ ಹತ್ತಿರ ವಾಪಸು ಕಳಿಸುತ್ತದೆ. ಆದ್ದರಿಂದ ಬಿಡುಗಡೆ ಪತ್ರ ಕೈಗೆ ಬರುವವರೆಗೆ ನೀವೇ ಕಚೇರಿಗೆ ಜೊತೆಯಲ್ಲಿ ಹೋಗಬೇಕು. ಒಂದು ಸಲಕ್ಕೆ ಆಗುವ ಕೆಲಸ ಅಲ್ಲ, ನಾಲ್ಕಾರು ಓಡಾಟ ಎಂದುಕೊಂಡೇ ಹೊರಡಿ.

ಮಗುವಿನ ದುಡ್ಡಿನ ಜಾಗಕ್ಕೆ ಏನು ಬರುತ್ತದೆ? ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದಲ್ಲಿ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಇದೆ. ಹಳ್ಳಿಯ ಕುಟುಂಬದ ವಾರ್ಷಿಕ ವರಮಾನ 72,000 ರೂಪಾಯಿ ಮೀರಿರಬಾರದು. ದುಡಿಮೆಯಿಂದ ಬಿಡಿಸಿದ ಮಕ್ಕಳೂ, ವಿಧವೆಯರ ಮಕ್ಕಳೂ ಇದರ ವ್ಯಾಪ್ತಿಗೆ ಬರುತ್ತಾರೆ. ಅರ್ಜಿ ಹಾಕಬೇಕಾದ್ದು ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ. ಈ ಯೋಜನೆಯ ಹೆಸರನ್ನೇ ಕೇಳದ ಪಂಚಾಯಿತಿ ಸದಸ್ಯರನ್ನು ನೋಡಿದ್ದೇನೆ. ವಿಧವಾ ವೇತನ, ಗೃಹಲಕ್ಷ್ಮಿ, ಪಡಿತರ ಚೀಟಿಯಲ್ಲಿ ಮಗುವಿನ ಹೆಸರು, ತಂದೆ ಗಾರೆ ಕೆಲಸದವನಾದರೆ ಕಟ್ಟಡ ಕಾರ್ಮಿಕರ ಮಂಡಳಿಯ ನೋಂದಣಿ, ಇವುಗಳಲ್ಲಿ ಯಾವುದು ನಿಂತಿದೆ ನೋಡಿ. ಬಹಳ ಸಲ ಆಧಾರ್ ಜೋಡಣೆಯಾಗದೆ ಒಂದು ವರ್ಷದಿಂದ ನಿಂತ ಪಿಂಚಣಿಯೇ ಮಗು ಕೆಲಸಕ್ಕೆ ಹೋಗಲು ಕಾರಣವಾಗಿರುತ್ತದೆ.

ನಿಮ್ಮ ಜೇಬಿನಿಂದ ದುಡ್ಡು ಕೊಡಬೇಡಿ. ಎರಡು ತಿಂಗಳು ಕೊಡುತ್ತೀರಿ, ಮೂರನೆಯ ತಿಂಗಳು ಮರೆಯುತ್ತೀರಿ, ಮಗು ನಾಲ್ಕನೆಯ ತಿಂಗಳು ಗ್ಯಾರೇಜಿನಲ್ಲಿರುತ್ತದೆ. ಕೊಡಲೇಬೇಕೆನಿಸಿದರೆ ಒಂದು ಜೊತೆ ಗಟ್ಟಿ ಚಪ್ಪಲಿ ಕೊಡಿ. ದಾನಿಗಳು ಸಗಟಿನಲ್ಲಿ ಕೊಂಡು ಹಂಚುವ ಆ ಹೊಳೆಯುವ ತೆಳು ಬ್ಯಾಗುಗಳು ಮಾತ್ರ ಬೇಡ. ಜಿಪ್ ಒಂದು ತಿಂಗಳಿಗೆ ಹರಿಯುತ್ತದೆ, ಹರಿದ ಬ್ಯಾಗು ಹೊತ್ತು ಬರಲು ಮಗು ನಾಚುತ್ತದೆ.

5. ಶಾಲೆ: ಬೆಂಚು ಸಿಕ್ಕರೆ ಸಾಲದು

ಟಿ.ಸಿ. ಇಲ್ಲ, ಜನನ ಪ್ರಮಾಣಪತ್ರ ಇಲ್ಲ, ವರ್ಷದ ಮಧ್ಯೆ ಸೇರಿಸಿಕೊಳ್ಳುವುದಿಲ್ಲ ಎಂದು ಯಾವ ಶಾಲೆಯೂ ಹೇಳುವಂತಿಲ್ಲ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆ ಈ ಮೂರೂ ಬಾಗಿಲನ್ನು ತೆರೆದಿಟ್ಟಿದೆ. ಮಗುವಿಗೆ ವಯಸ್ಸಿಗೆ ತಕ್ಕ ತರಗತಿ ಸಿಗಬೇಕು, ಜೊತೆಗೆ ವಿಶೇಷ ತರಬೇತಿಯೂ ಸಿಗಬೇಕು. ಆ ತರಬೇತಿ ಕನಿಷ್ಠ 3 ತಿಂಗಳು, ಅಗತ್ಯವಿದ್ದರೆ 2 ವರ್ಷದವರೆಗೆ.

ಈ ವಿಶೇಷ ತರಬೇತಿಯನ್ನು ಮರೆತು ನಾನೇ ಒಮ್ಮೆ ತಪ್ಪು ಮಾಡಿದೆ. ಊದುಬತ್ತಿ ಹೊಸೆಯುತ್ತಿದ್ದ 10 ವರ್ಷದ ಹುಡುಗಿಯನ್ನು ನಿಯಮದಂತೆ 5ನೇ ತರಗತಿಯಲ್ಲಿ ಕೂರಿಸಿದೆ. ಆಕೆಗೆ ಒತ್ತಕ್ಷರ ಬರುತ್ತಿರಲಿಲ್ಲ. ಸುತ್ತ ಕುಳಿತ ಮಕ್ಕಳು ಭಿನ್ನರಾಶಿ ಮಾಡುತ್ತಿದ್ದರು. 40 ದಿನ ಸುಮ್ಮನೆ ಕೂತಳು, 41ನೇ ದಿನ ಬರಲಿಲ್ಲ. ಮನೆಗೆ ಹೋದರೆ, ‘ಅಲ್ಲಿ ಎಲ್ರೂ ನನ್ನ ನೋಡ್ತಾರೆ. ಬತ್ತಿ ಹೊಸೆಯೋದ್ರಲ್ಲಿ ನಾನೇ ಫಸ್ಟು’ ಎಂದಳು. ಕೆಲಸದಲ್ಲಿ ಗೌರವ ಕಂಡ ಮಗುವಿಗೆ ತರಗತಿಯಲ್ಲಿ ಪ್ರತಿದಿನ ಸೋಲುವುದು ಎಷ್ಟು ಭಾರ ಎಂದು ಅವತ್ತು ತಿಳಿಯಿತು. ಆಮೇಲೆ ಬಂದ ಮಕ್ಕಳಿಗೆ ಬೆಳಿಗ್ಗೆ ಒಂದು ಗಂಟೆ ಬೇರೆಯಾಗಿ ಓದು, ಬರಹ ಮಾಡಿಸಿದೆ. ಲೆಕ್ಕದಲ್ಲಿ ಮಾತ್ರ ಅವರನ್ನು ಮುಂದೆ ಕೂರಿಸುತ್ತಿದ್ದೆ. ಅಂಗಡಿಯಲ್ಲಿ ಚಿಲ್ಲರೆ ಎಣಿಸಿದ ಮಕ್ಕಳು ಬಾಯಿಲೆಕ್ಕದಲ್ಲಿ ಉಳಿದವರನ್ನು ಹಿಂದೆ ಹಾಕುತ್ತಾರೆ. ಅದನ್ನು ಇಡೀ ತರಗತಿ ಒಮ್ಮೆ ನೋಡಬೇಕು.

ವಿದ್ಯುತ್ ಕಂಬಗಳ ಮೇಲೆ ಅಂಟಿಸುವ ‘ನೇರ ಎಸ್ಸೆಸ್ಸೆಲ್ಸಿ’ ಪೋಸ್ಟರ್ ಹಿಡಿದು ಬರುವವರಿದ್ದಾರೆ. ಓದಲು ಬಾರದ ಮಗುವಿಗೆ ಅದು ದಾರಿಯಲ್ಲ. ಊರಲ್ಲಿ ನಿಲ್ಲದ ಕುಟುಂಬವಾದರೆ ವಸತಿ ಶಾಲೆಯೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಎಚ್.ಡಿ. ಕೋಟೆಯ ಆದಿವಾಸಿ ಹಾಡಿಗಳಿಂದ ಕಾಫಿ ಹಣ್ಣಿನ ಕಾಲಕ್ಕೆ ಕೊಡಗಿನ ತೋಟಗಳಿಗೆ ಜೀಪು ಹತ್ತುವವರ ಮಕ್ಕಳಿಗೆ ಆಶ್ರಮ ಶಾಲೆ ಇದೆ. ಉಳಿದವರಿಗೆ ಮೊರಾರ್ಜಿ ದೇಸಾಯಿ ವಸತಿ ಶಾಲೆ, ಹೆಣ್ಣುಮಕ್ಕಳಿಗೆ ಕಸ್ತೂರಬಾ ವಿದ್ಯಾಲಯ ವಿಚಾರಿಸಿ.

6. ಹಾಜರಿ ಪುಸ್ತಕದ ಮೇಲೆ ಕಣ್ಣಿರಲಿ

ಸತತ ಮೂರು ದಿನ ಗೈರಾದರೆ ಅವತ್ತೇ ಸಂಜೆ ಮನೆಗೆ ಹೋಗಿ. ವಾರ ಕಾದರೆ ತಡವಾಗುತ್ತದೆ. ಊರಿನ ಹಿರಿಯ ಪ್ರಾಥಮಿಕ ಶಾಲೆ ಮುಗಿದು ದೂರದ ಹೈಸ್ಕೂಲಿಗೆ ಸೇರಬೇಕಾದ ಬೇಸಿಗೆ ಅತಿ ಅಪಾಯದ್ದು. ಬಸ್ಸಿಲ್ಲದ ಊರಿನ ಹೆಣ್ಣುಮಕ್ಕಳು ಆ ಎರಡು ತಿಂಗಳಲ್ಲೇ ಕೈತಪ್ಪುತ್ತಾರೆ. ಏಪ್ರಿಲ್‌ನಲ್ಲೇ ಮುಂದಿನ ಶಾಲೆಯ ದಾಖಲಾತಿ, ಬಸ್ ಪಾಸು ಮಾತಾಡಿ ಮುಗಿಸಿ. ಪಂಚಾಯಿತಿಯ ಮಕ್ಕಳ ಗ್ರಾಮಸಭೆ ನಡೆದಾಗ ಬಸ್ಸಿನ ವಿಷಯವನ್ನು ಮಕ್ಕಳ ಬಾಯಿಂದಲೇ ಹೇಳಿಸಿ, ನಡಾವಳಿಯಲ್ಲಿ ಬರೆಸಿ. ಬಾಲಕಾರ್ಮಿಕ ವಿರೋಧಿ ದಿನವಾದ ಜೂನ್ 12ರ ಜಾಥಾಕ್ಕಿಂತ ಆ ಒಂದು ಸಾಲು ಹೆಚ್ಚು ಕೆಲಸ ಮಾಡುತ್ತದೆ.

ಎರಡನೆಯ ಅಪಾಯ ದಸರಾ ರಜೆ. ‘ರಜಾ ಅಲ್ವಾ, ಹದಿನೈದು ದಿನ ಬಲೂನು ಮಾರ್ಕೊಂಡ್ ಬರ್ಲಿ, ದೀಪಾವಳಿಗೆ ಬಟ್ಟೆ ಆಗುತ್ತೆ’ ಎಂದು ಮೈಸೂರಿಗೆ ಕಳಿಸುತ್ತಾರೆ. ಜಂಬೂಸವಾರಿ ಮುಗಿದರೂ ವಸ್ತುಪ್ರದರ್ಶನ ಮುಗಿದಿರುವುದಿಲ್ಲ, ಮಗು ಅಲ್ಲೇ ಉಳಿಯುತ್ತದೆ. ರಜೆಗೆ ಮುಂಚೆಯೇ ತಾಯಿಯನ್ನು ಕಂಡು ಬನ್ನಿ. ಶಾಲೆ ಮತ್ತೆ ತೆರೆಯುವ ಬೆಳಿಗ್ಗೆ ಒಂಬತ್ತೂವರೆಗೆ ಗೇಟಿನ ಹತ್ತಿರ ನಿಂತು ಹೆಸರು ಎಣಿಸಿ. ಒಂದು ಹೆಸರು ಕಡಿಮೆಯಾದರೂ ಮಧ್ಯಾಹ್ನದ ಬಸ್ಸಿಗೇ ಹೊರಡಿ.