ಮುಳ್ಳು ಏರಿಳಿಯುತ್ತಿದೆಯೇ? ಬಿಡಿಭಾಗ ಕೊಳ್ಳುವ ಮೊದಲು ಹೀಗೆ ನೋಡಿ

ಅಡಿಕೆ ಗೋಣಿ ಹೇರಿದ ಹಳೆಯ ಪಿಕಪ್ ಬದಿಯಡ್ಕದಿಂದ ಪೆರ್ಲದ ಕಡೆಗೆ ಹೊರಟಿದೆ. ಎಂಜಿನ್ ಬಿಸಿ ತೋರಿಸುವ ಮುಳ್ಳು ಒಮ್ಮೆ ಮುಕ್ಕಾಲಿಗೆ ಏರುತ್ತದೆ, ಸ್ವಲ್ಪ ಹೊತ್ತಿಗೆ ಅರ್ಧಕ್ಕೆ ಇಳಿಯುತ್ತದೆ, ಮತ್ತೆ ಏರುತ್ತದೆ. ಒಬ್ಬರು ರೇಡಿಯೇಟರ್ ಬದಲಿಸಿ ಎನ್ನುತ್ತಾರೆ, ಇನ್ನೊಬ್ಬರು ವಾಟರ್ ಪಂಪ್ ಎನ್ನುತ್ತಾರೆ. ನಮ್ಮ ಮನೆಯ ಪಿಕಪ್‌ಗೆ ಹಾಗೆ ಹೊಸ ರೇಡಿಯೇಟರನ್ನೇ ಹಾಕಿಸಿದೆವು. ಮುಳ್ಳಿನ ಕುಣಿತ ಮಾತ್ರ ನಿಲ್ಲಲಿಲ್ಲ. ಕೊನೆಗೆ ಸಿಕ್ಕಿದ್ದು ಎಂಜಿನ್‌ಗೂ ಚಾಸಿಗೂ ನಡುವಿನ ಅರ್ತಿಂಗ್ ತಂತಿಯ ತುದಿಯಲ್ಲಿದ್ದ ತುಕ್ಕು. ಹೆಡ್‌ಲೈಟ್ ಹಾಕಿದಾಗಲೆಲ್ಲ ಮುಳ್ಳು ಜಿಗಿಯುತ್ತಿತ್ತು. ಅದನ್ನು ಯಾರೂ ಗಮನಿಸಿರಲಿಲ್ಲ.

ಆದ್ದರಿಂದ ಮೊದಲ ಕೆಲಸಕ್ಕೆ ಸ್ಪ್ಯಾನರ್ ಬೇಡ. ನಾಲ್ಕು ದಿನ ಒಂದು ಚೀಟಿಯಲ್ಲಿ ಬರೆದಿಡಿ: ಮುಳ್ಳು ಏರಿದ್ದು ನಿಂತಾಗಲೋ, ಓಡುವಾಗಲೋ, ಏರಿನಲ್ಲೋ? ನಿಧಾನವಾಗಿಯೋ, ಥಟ್ಟನೆಯೋ? ಲೋಡ್ ಇತ್ತೇ? ರೋಗದ ಅರ್ಧ ಗುರುತು ಈ ಚೀಟಿಯಲ್ಲೇ ಸಿಗುತ್ತದೆ.

ಕ್ಷಣಾರ್ಧದಲ್ಲಿ ಜಿಗಿಯುವ ಮುಳ್ಳನ್ನು ನಂಬಬೇಡಿ. ಎಂಜಿನ್‌ನಲ್ಲಿರುವ ಹಲವು ಲೀಟರ್ ನೀರು ಅಷ್ಟು ಬೇಗ ಬಿಸಿಯಾಗುವುದೂ ಇಲ್ಲ, ತಣಿಯುವುದೂ ಇಲ್ಲ. ದೋಷ ತಂತಿಯಲ್ಲಿದೆ, ಸೆನ್ಸರ್‌ನಲ್ಲಿದೆ ಅಥವಾ ಮೀಟರ್‌ನಲ್ಲಿದೆ. ಅರ್ತಿಂಗ್ ತುದಿಗಳನ್ನು ಬಿಚ್ಚಿ ಉಜ್ಜಿ ಬಿಗಿ ಮಾಡಿ. ಒಂದೇ ತಂತಿಯ ಸೆನ್ಸರ್ ಆಗಿದ್ದರೆ ಅದರ ತಿರುಪಿನ ಮರೆಗೆ (ಥ್ರೆಡ್‌ಗೆ) ಟೆಫ್ಲಾನ್ ಟೇಪ್ ಸುತ್ತಿದ್ದಾರೆಯೇ ನೋಡಿ. ಸೆನ್ಸರ್‌ಗೆ ಅರ್ತ್ ಸಿಗುವುದು ಆ ಮರೆಯ ಮೂಲಕವೇ. ಸಾಧ್ಯವಾದರೆ ದೂರದಿಂದ ಬಿಸಿ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ಒಂದನ್ನು ತನ್ನಿ. ಥರ್ಮೋಸ್ಟಾಟ್ (ಬಿಸಿಗೆ ತಕ್ಕಂತೆ ನೀರನ್ನು ರೇಡಿಯೇಟರ್‌ಗೆ ಬಿಡುವ ಬಾಗಿಲು) ಕೂತಿರುವ ಗೂಡಿನ ಮೇಲೆ ಹಿಡಿದರೆ ಮುಳ್ಳು ಹೇಳುತ್ತಿರುವುದು ನಿಜವೋ ಸುಳ್ಳೋ ತಿಳಿಯುತ್ತದೆ.

ಇದಕ್ಕೊಂದು ಅಪವಾದವಿದೆ, ಅದು ಅಪಾಯಕಾರಿ. ಮೇಲೇರಿದ ಮುಳ್ಳು ಏಕಾಏಕಿ ತಣ್ಣಗಿನ ಗುರುತಿಗೆ ಬಿದ್ದು, ಎಂಜಿನ್ ಮಾತ್ರ ಕಾದ ವಾಸನೆ ಬೀರುತ್ತಿದ್ದರೆ ನೀರು ಸೆನ್ಸರ್‌ಗಿಂತ ಕೆಳಗೆ ಹೋಗಿರಬಹುದು. ಕೂಡಲೇ ಬದಿಗೆ ನಿಲ್ಲಿಸಿ, ಎಂಜಿನ್ ಆರಿಸಿ.

ಮುಂದಿನ ಹೆಜ್ಜೆ ನೀರು. ಬೆಳಗ್ಗೆ, ಎಂಜಿನ್ ಪೂರ್ತಿ ತಣ್ಣಗಿರುವಾಗ ಮಾತ್ರ ರೇಡಿಯೇಟರ್ ಮುಚ್ಚಳ ತೆಗೆಯಿರಿ. ಒತ್ತಡದಲ್ಲಿರುವ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಕಾದಿರುತ್ತದೆ. ಮುಚ್ಚಳ ಸಡಿಲಿಸಿದ ಕ್ಷಣ ಉಕ್ಕಿ ಮುಖಕ್ಕೆ ಎರಚುತ್ತದೆ. ನೀರು ಕುತ್ತಿಗೆಯವರೆಗೆ ಇರಬೇಕು. ತುಕ್ಕಿನ ಬಣ್ಣ ಕಂಡರೆ ಯೋಚಿಸಬೇಕಾದದ್ದಿದೆ. ನಮ್ಮಲ್ಲಿ ಬಾವಿ, ಕೊಳವೆಬಾವಿಯ ನೀರನ್ನೇ ಸುರಿಯುವ ರೂಢಿ. ಅದರಲ್ಲಿರುವ ಲವಣ, ಕಬ್ಬಿಣ ರೇಡಿಯೇಟರ್ ಕೊಳವೆಗಳಲ್ಲಿ ಪದರಗಟ್ಟುತ್ತದೆ. ಕೂಲಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಸಮಪಾಲು ಬೆರೆಸಿ ಹಾಕುವುದು ಒಳ್ಳೆಯದು.

ಮಟ್ಟ ಕಡಿಮೆಯಿದ್ದರೆ ಸೋರಿಕೆ ಹುಡುಕಿ. ಹೋಸ್ ಕ್ಲಿಪ್‌ಗಳು, ವಾಟರ್ ಪಂಪ್‌ನ ಅಡಿಯ ಸಣ್ಣ ತೂತು, ಮುಚ್ಚಳದ ರಬ್ಬರ್, ಇಷ್ಟನ್ನೂ ನೋಡಬೇಕು. ಮುಚ್ಚಳ ಅಗ್ಗದ ವಸ್ತು. ಅದರ ರಬ್ಬರ್ ಬಿರಿದಿದ್ದರೆ ಎರಡನೆಯ ಯೋಚನೆ ಮಾಡದೆ ಬದಲಿಸಿ.

ಸಿಕ್ಕಿಕೊಂಡ ಗಾಳಿಯೂ ಮುಳ್ಳನ್ನು ನಿಧಾನಕ್ಕೆ ಏರಿಸಿ ಇಳಿಸುತ್ತದೆ. ಹೋಸ್ ಬದಲಿಸಿದ ಮೇಲೆ ಬರುವ ದೂರು ಹೆಚ್ಚಾಗಿ ಇದೇ. ಗಾಳಿ ತೆಗೆಯಲು ಏರುದಾರಿ ಬೇಕು, ಕಾಸರಗೋಡಿನ ಗುಡ್ಡದ ಮನೆಗಳಲ್ಲಿ ಅದಕ್ಕೇನೂ ಬರವಿಲ್ಲ. ಪಿಕಪ್‌ನ ಮೂತಿ ಮೇಲಾಗುವಂತೆ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಿ. ತಣ್ಣಗಿನ ಎಂಜಿನ್‌ನ ಮುಚ್ಚಳ ತೆಗೆದು ನಿಧಾನವಾಗಿ ತುಂಬಿಸುತ್ತಾ ಮೇಲಿನ ಹೋಸ್ ಹಿಚುಕಿ. ಎಂಜಿನ್ ಚಾಲೂ ಮಾಡಿ ಮೇಲಿನ ಹೋಸ್ ಬಿಸಿಯಾಗುವವರೆಗೆ ಐಡ್ಲಿಂಗ್‌ನಲ್ಲಿ ಬಿಡಿ, ಬರುವ ಗುಳ್ಳೆಗೆ ತಕ್ಕಂತೆ ತುಂಬಿಸಿ, ಮುಚ್ಚಳ ಹಾಕಿ. ಎಷ್ಟು ತುಂಬಿಸಿದರೂ ಗುಳ್ಳೆ ನಿಲ್ಲದಿದ್ದರೆ, ತಣ್ಣಗೆ ಚಾಲೂ ಮಾಡಿದ ಒಂದೆರಡು ನಿಮಿಷದಲ್ಲೇ ಹೋಸ್ ಕಲ್ಲಿನಂತೆ ಗಟ್ಟಿಯಾದರೆ, ಎಣ್ಣೆ ಹಾಲು ಬೆರೆಸಿದಂತೆ ಕಂಡರೆ ಹೆಡ್ ಗ್ಯಾಸ್ಕೆಟ್ (ಎಂಜಿನ್‌ನ ಹೆಡ್‌ಗೂ ಬ್ಲಾಕ್‌ಗೂ ನಡುವಿನ ಪದರ) ಹೋಗಿರುವ ಸಂಭವ ಹೆಚ್ಚು. ಅಲ್ಲಿಗೆ ಮನೆಯ ಕೆಲಸ ಮುಗಿಯಿತು, ಗಾಡಿ ಓಡಿಸದೆ ಮೆಕ್ಯಾನಿಕ್ ಅವರನ್ನು ಕರೆಸಿ.

ಇನ್ನು ಥರ್ಮೋಸ್ಟಾಟ್. ಒಳಗಿನ ಮೇಣ ಬಿಸಿಗೆ ಹಿಗ್ಗಿ ಬಾಗಿಲು ತೆರೆಯುತ್ತದೆ. ಸಿಕ್ಕಿಕೊಳ್ಳುತ್ತಾ ತೆರೆಯುವಂತಾದರೆ ಮುಳ್ಳು ಏರಿ, ಬೇಗನೆ ಇಳಿದು, ಮತ್ತೆ ಏರುತ್ತದೆ. ಬೆಳಗ್ಗೆ ಮೊದಲ ಬಾರಿ ತೆರೆದಾಗ ಮುಳ್ಳು ಚೂರು ಕುಸಿಯುವುದು ಸಹಜ, ಅದನ್ನು ರೋಗವೆನ್ನಬೇಡಿ. ಪರೀಕ್ಷೆಗೆ ಅದನ್ನು ಬಿಚ್ಚಿ, ದಾರದಲ್ಲಿ ಕಟ್ಟಿ, ತಳಕ್ಕೆ ತಾಗದಂತೆ ನೀರಿನ ಪಾತ್ರೆಯಲ್ಲಿ ಇಳಿಬಿಟ್ಟು ಕಾಯಿಸಿ. ಪಾತ್ರೆ ಅಡುಗೆಯದಾಗಿರಬಾರದು. ಮೇಲೆ 82 ಎಂದು ಒತ್ತಿದ್ದರೆ ಆ ಡಿಗ್ರಿಯ ಆಸುಪಾಸಿನಲ್ಲಿ ತೆರೆಯತೊಡಗಿ, ನೀರು ಕುದಿಯುವ ಹೊತ್ತಿಗೆ ಪೂರ್ತಿ ತೆರೆದಿರಬೇಕು. ಮತ್ತೆ ಕೂರಿಸುವಾಗ ಅದರ ಸಣ್ಣ ಗಾಳಿತೂತು ಮೇಲ್ಮುಖವಾಗಿರಲಿ.

‘ಅದನ್ನು ತೆಗೆದೇ ಬಿಡಿ, ಬಿಸಿ ಆಗುವುದಿಲ್ಲ’ ಎಂಬ ಸಲಹೆ ದಾರಿಯುದ್ದಕ್ಕೂ ಸಿಗುತ್ತದೆ. ದಯವಿಟ್ಟು ಕೇಳಬೇಡಿ. ಎಂಜಿನ್ ಬೇಕಾದಷ್ಟು ಬಿಸಿಯಾಗದೆ ಡೀಸೆಲ್ ಹೆಚ್ಚು ಕುಡಿಯುತ್ತದೆ, ಒಳಭಾಗ ಬೇಗ ಸವೆಯುತ್ತದೆ.

ನಿಂತಾಗ ಏರಿ, ಓಡಿದಾಗ ಇಳಿದರೆ ಫ್ಯಾನ್ ನೋಡಿ. ಬೀಗದ ಕೈ ತೆಗೆದು, ತಣ್ಣಗಿರುವಾಗ ಕೈಯಿಂದ ತಿರುಗಿಸಿ. ವಿಸ್ಕಸ್ ಫ್ಯಾನ್ (ಒಳಗೆ ದಪ್ಪ ಎಣ್ಣೆ ತುಂಬಿದ ಕ್ಲಚ್ ಇರುವಂಥದ್ದು) ಸ್ವಲ್ಪ ಬಿಗಿಯಾಗಿರಬೇಕು, ಬಿಟ್ಟರೂ ಸುಮ್ಮನೆ ಸುತ್ತುತ್ತಿದ್ದರೆ ಅದರ ಕ್ಲಚ್ ಹೋಗಿದೆ. ಬೆಲ್ಟ್ ಸಡಿಲವಿದ್ದರೂ ಇದೇ ಲಕ್ಷಣ.

ಲೋಡ್ ಹೇರಿ ಏರು ಹತ್ತುವಾಗ ಮಾತ್ರ ಏರಿದರೆ ರೇಡಿಯೇಟರ್. ಕೆಂಪುಕಲ್ಲಿನ ಕ್ವಾರಿಗೆ ಹೋಗಿ ಬರುವ ಪಿಕಪ್‌ಗಳಲ್ಲಿ ರೇಡಿಯೇಟರ್‌ನ ಹೊರಗಿನ ತೆಳು ತಗಡಿನ ರೆಕ್ಕೆಗಳ ನಡುವೆ ಕೆಂಪು ಧೂಳು ಎಣ್ಣೆಯೊಂದಿಗೆ ಸೇರಿ ಗೋಡೆ ಕಟ್ಟಿರುತ್ತದೆ. ಎಂಜಿನ್ ಕಡೆಯಿಂದ ಹೊರಕ್ಕೆ, ಮೆಲ್ಲಗೆ ನೀರು ಹಾಯಿಸಿ. ಪ್ರೆಶರ್ ಪಂಪ್ ಬಳಸಿದರೆ ರೆಕ್ಕೆ ಮಡಚಿಕೊಳ್ಳುತ್ತದೆ. ಎಂಜಿನ್ ಬಿಸಿಯಿದ್ದಾಗ ಥರ್ಮಾಮೀಟರ್ ಹಿಡಿದು ನೋಡಿದರೆ ಕೆಲವು ಜಾಗ ಮಾತ್ರ ತಣ್ಣಗಿದೆಯೇ? ಅಲ್ಲಿನ ಕೊಳವೆಗಳು ಒಳಗಿನಿಂದ ಕಟ್ಟಿವೆ. ಓಡುವ ವೇಗದಲ್ಲಿ ಕೆಳಗಿನ ಹೋಸ್ ಒಳಕ್ಕೆ ಎಳೆದುಕೊಂಡು ಚಪ್ಪಟೆಯಾಗುವುದೂ ಉಂಟು, ಮೆದುವಾಗಿದ್ದರೆ ಬದಲಿಸಿ.

ರಿಪೇರಿ ಸರಿಯಾಗಿದೆಯೇ ಎಂದು ತಿಳಿಯಲು ಪಾಣತ್ತೂರಿನಿಂದ ಕರಿಕೆಗೆ, ಅಲ್ಲಿಂದ ಭಾಗಮಂಡಲದತ್ತ ಹತ್ತುವ ದಾರಿ ಸಾಕು. ಮೊದಲು ಖಾಲಿ ಗಾಡಿ, ಆಮೇಲೆ ಲೋಡ್.

ಹಳೆಯ ಕೂಲಂಟನ್ನು ಅಂಗಳಕ್ಕೆ ಬಿಡಬೇಡಿ, ಬೇಸಿನ್‌ನಲ್ಲಿ ಹಿಡಿಯಿರಿ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ, ನಾಯಿ ನೆಕ್ಕಿದರೆ ಸಾಯಬಹುದು. ಮಕ್ಕಳ ಕೈಗೆ ಸಿಗದಂತೆ ಗಟ್ಟಿ ಮುಚ್ಚಳದ ಕ್ಯಾನ್‌ಗೆ ತುಂಬಿ, ಮುಂದಿನ ಬಾರಿ ಗ್ಯಾರೇಜಿಗೆ ಹೋಗುವಾಗ ಒಯ್ಯಿರಿ.