ಸೂರ್ಯ ಹೊರಳುವ ದಿನವನ್ನು ನಾನು ಹಿಡಿದದ್ದು ಹೀಗೆ

ನಾನು ಕೊಪ್ಪಳದ ಕಡೆಯ ಗೌಂಡಿ. ದಾರ ಹಿಡಿಯುವುದು, ತೂಗುಗುಂಡು ಬಿಡುವುದು, ರಸಮಟ್ಟ ಇಟ್ಟು ನೋಡುವುದು ನನ್ನ ದಿನದ ಕೆಲಸ. ಪಾಯ ತೋಡುವ ಮೊದಲು ದಿಕ್ಕು ನೋಡಿಯೇ ಗೂಟ ಹೊಡೆಯುತ್ತೇವೆ. ಇಷ್ಟಾದರೂ ನಮ್ಮೂರಲ್ಲಿ ವರ್ಷಕ್ಕೆ ಮೂರು ತಿಂಗಳಿಗೂ ಜಾಸ್ತಿ ಮಧ್ಯಾಹ್ನದ ನೆರಳು ದಕ್ಷಿಣಕ್ಕೆ ಬೀಳುತ್ತದೆ ಅನ್ನುವುದು 2020ರ ತನಕ ನನಗೆ ಗೊತ್ತಿರಲಿಲ್ಲ.

ಗೊತ್ತಾದದ್ದು ಗ್ರಹಣದ ದಿನ. ಜೂನ್ 21, ಭಾನುವಾರ, ಮಣ್ಣೆತ್ತಿನ ಅಮಾವಾಸ್ಯೆ. ಕೊರೊನಾ ಕಾಲ, ಕೆಲಸ ಅಷ್ಟಕ್ಕಷ್ಟೇ. ಅವ್ವ ಗ್ರಹಣ ಬಿಡುವ ತನಕ ಒಲೆ ಹಚ್ಚುವುದಿಲ್ಲ ಅಂತ ಕೂತಿದ್ದಳು. ಉತ್ತರ ಭಾರತದಲ್ಲಿ ಕೆಲವು ಕಡೆ ಬಳೆಯ ಹಾಗೆ ಕಂಡ ಗ್ರಹಣ ಅದು. ನಮ್ಮಲ್ಲಿ ಸೂರ್ಯನ ಅರ್ಧದ ಹತ್ತಿರ ಮುಚ್ಚಿತ್ತು. ಮೋಡ ಸರಿದಾಗಲೆಲ್ಲ ಅಂಗಳದ ಬೇವಿನ ಮರದ ಕೆಳಗೆ ಬೆಳಕಿನ ಚುಕ್ಕೆಗಳು ಬೀಳುತ್ತಿದ್ದವು. ಎಲೆಗಳ ಸಂದಿಯಿಂದ ಬಂದ ಒಂದೊಂದು ಚುಕ್ಕೆಯೂ ಕಡಿದ ರೊಟ್ಟಿಯ ಹಾಗಿತ್ತು. ನೂರಾರು ಸಣ್ಣ ಸೂರ್ಯರು, ಎಲ್ಲರನ್ನೂ ಒಂದೇ ಕಡೆ ಕಡಿದ ಹಾಗೆ. ಮಗಳು ಅವುಗಳ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದಳು. ಎಳೆಯುತ್ತಲೇ ತಲೆ ಎತ್ತಿ ಕೇಳಿದಳು:

"ಯಪ್ಪಾ, ಕಂಬದ ನೆಳ್ಳು ಯಾಕ ಬಾವಿ ಕಡೆ ಬಿದ್ದೈತಿ? ಥಂಡಿ ದಿನದಾಗ ಗುಡಿ ಕಡೆ ಬೀಳ್ತಿತ್ತಲ್ಲ?"

ನಮ್ಮ ಅಂಗಳಕ್ಕೆ ಗುಡಿ ಬಡಗಣ, ಬಾವಿ ತೆಂಕಣ. ಹೋಗಿ ಅಳೆದೆ. ಐದೂವರೆ ಅಡಿ ಕಂಬ, ಒಂದು ಗೇಣು ನೆರಳು, ಸರಿಯಾಗಿ ದಕ್ಷಿಣಕ್ಕೆ. ಉತ್ತರ ಹೇಳಲು ನನಗೆ ಬರಲಿಲ್ಲ. ಅಲ್ಲಿಂದ ಶುರುವಾಯಿತು.

ಲೆಕ್ಕ ಸುಲಭ. ಭೂಮಿ ಸುಮಾರು 23.4 ಡಿಗ್ರಿ ಓರೆಯಾಗಿ ತಿರುಗುತ್ತದೆ. ಹಾಗಾಗಿ ಜೂನ್ 21ರ ಹೊತ್ತಿಗೆ ಸೂರ್ಯ 23.4 ಡಿಗ್ರಿ ಉತ್ತರದ ಜಾಗಗಳಿಗೆ ನೆತ್ತಿಯ ಮೇಲೆ ಬರುತ್ತಾನೆ. ಕೊಪ್ಪಳ ಇರುವುದು 15.3 ಡಿಗ್ರಿಯ ಹತ್ತಿರ. ಅಂದರೆ ಅವನು ನಮ್ಮ ನೆತ್ತಿ ದಾಟಿ 8 ಡಿಗ್ರಿ ಉತ್ತರಕ್ಕೆ ಹೋಗಿರುತ್ತಾನೆ. ಮೇ ಮೊದಲ ವಾರ ಒಮ್ಮೆ, ಆಗಸ್ಟ್ ಎರಡನೇ ವಾರ ಇನ್ನೊಮ್ಮೆ ನೆತ್ತಿಗೇ ಬರುತ್ತಾನೆ. ಆಗ ನೆಟ್ಟಗೆ ನಿಂತ ಕಂಬಕ್ಕೆ ನೆರಳೇ ಇಲ್ಲ.

ಆ ವರ್ಷವೇ ಮಾಳಿಗೆ ಮೇಲೆ ಒಂದು ಮೀಟರ್ ಕಂಬಿ ನೆಟ್ಟೆ. ತೂಗುಗುಂಡು ಬಿಟ್ಟು ನಾಲ್ಕೂ ಕಡೆಯಿಂದ ನೆಟ್ಟಗೆ ಮಾಡಿದೆ, ಸುತ್ತ ನೆಲವನ್ನು ರಸಮಟ್ಟದಲ್ಲಿ ಸಮ ಮಾಡಿದೆ. ಈ ಎರಡು ಸರಿಯಿಲ್ಲದಿದ್ದರೆ ಮುಂದಿನದೆಲ್ಲ ಹಾಳು. ಕಂಬಿಯ ಸುತ್ತ ದಾರದಿಂದ ವೃತ್ತ ಎಳೆದೆ. ಬೆಳಿಗ್ಗೆ ನೆರಳಿನ ತುದಿ ವೃತ್ತವನ್ನು ಮುಟ್ಟಿ ಒಳಗೆ ಬರುತ್ತದೆ, ಮಧ್ಯಾಹ್ನದ ಮೇಲೆ ಮತ್ತೆ ಮುಟ್ಟಿ ಹೊರಗೆ ಹೋಗುತ್ತದೆ. ಎರಡು ಗುರುತು ಸೇರಿಸಿದರೆ ಪೂರ್ವ ಪಶ್ಚಿಮ. ಅದರ ನಡುವಿನಿಂದ ಕಂಬಿಗೆ ಗೆರೆ ಎಳೆದರೆ ಉತ್ತರ ದಕ್ಷಿಣ. ನಮ್ಮ ಹಳಬರು ದಿಕ್ಕು ಹಿಡಿಯುತ್ತಿದ್ದದ್ದು ಹೀಗೆಯೇ. ಕಬ್ಬಿಣದ ಕಂಬಿಗಳ ರಾಶಿ ಪಕ್ಕ ದಿಕ್ಸೂಚಿ ಇಟ್ಟು ಮನೆಯ ಮುಖ ನಿರ್ಧರಿಸುವವರನ್ನು ನೋಡಿದರೆ ನನಗೆ ಈಗ ಸಂಕಟವಾಗುತ್ತದೆ. ದಿಕ್ಸೂಚಿಯ ಮುಳ್ಳನ್ನು ಆ ಕಂಬಿಗಳು ತಮ್ಮ ಕಡೆ ಎಳೆದಿರುತ್ತವೆ.

ನೆರಳು ಎಲ್ಲಕ್ಕಿಂತ ಚಿಕ್ಕದಾಗುವುದು ಗಡಿಯಾರದ ಹನ್ನೆರಡಕ್ಕಲ್ಲ. ನಮ್ಮ ದೇಶದ ಸಮಯ 82.5 ಡಿಗ್ರಿ ರೇಖಾಂಶದ್ದು, ಕೊಪ್ಪಳ ಅದಕ್ಕಿಂತ ಪಶ್ಚಿಮಕ್ಕಿದೆ. ಜೂನ್ ಕೊನೆಯಲ್ಲೂ ಡಿಸೆಂಬರ್ ಕೊನೆಯಲ್ಲೂ ನಮಗೆ ನಡುಮಧ್ಯಾಹ್ನ 12:25ರ ಆಸುಪಾಸು.

ಡಿಸೆಂಬರ್ ಬಂತು. ನೆರಳು ಉತ್ತರಕ್ಕೆ 80 ಸೆಂಟಿಮೀಟರ್ ಚಾಚಿತು. ಅತಿ ಉದ್ದದ ನೆರಳು ಬಿದ್ದ ದಿನವೇ ಸೂರ್ಯ ದಕ್ಷಿಣಕ್ಕೆ ಸರಿಯುವುದು ನಿಂತು ಉತ್ತರಕ್ಕೆ ಹೊರಳುವ ದಿನ ಅಂದುಕೊಂಡು ದಿನಾ ಗುರುತು ಹಾಕಿದೆ. 18ರಿಂದ 25ರ ತನಕ ಎಲ್ಲ ಗುರುತೂ ಒಂದರ ಮೇಲೊಂದು. ಬದಲಾವಣೆ ಎರಡು ಮೂರು ಮಿಲಿಮೀಟರ್ ಕೂಡ ಇಲ್ಲ, ನೆರಳಿನ ಅಂಚು ಮಸುಕಾಗುವುದು ಒಂದು ಸೆಂಟಿಮೀಟರಿಗಿಂತ ಜಾಸ್ತಿ! ಕಂಬಿಯ ತುದಿಗೆ ವಾಷರ್ ಕಟ್ಟಿದ ಮೇಲೆ ಸ್ವಲ್ಪ ಸುಧಾರಿಸಿತು. ಮಸುಕು ತುದಿಯ ಬದಲು ತೂತಿನಿಂದ ಸೂರ್ಯನ ದುಂಡು ಬೆಳಕು ಬೀಳುತ್ತದೆ, ಅದರ ನಡುವಿಗೆ ಚುಕ್ಕೆ ಇಡಬಹುದು. ಆದರೂ ದಿನ ಸಿಗಲಿಲ್ಲ. 21ರ ಸಂಜೆ ಗುರು ಮತ್ತು ಶನಿ ಪಶ್ಚಿಮದಲ್ಲಿ ಒಂದಕ್ಕೊಂದು ಅಂಟಿದ ಹಾಗೆ ಕಂಡವು. ಅದನ್ನು ನೋಡಿ ಆ ವರ್ಷಕ್ಕೆ ಕೈಬಿಟ್ಟೆ.

ಮುಂದಿನ ಎರಡು ವರ್ಷ ಕೆಲಸದ ಗದ್ದಲದಲ್ಲಿ ಹೋದವು. ದಾರಿ ಹೊಳೆದದ್ದು 2023ರಲ್ಲಿ, ಒಂದು ಗೋಡೆಯ ನಡುವಿಗೆ ಕಿಟಕಿ ಗುರುತು ಹಾಕುವಾಗ. ನಡು ಬೇಕಾದರೆ ನಾವು ಎರಡೂ ತುದಿಯಿಂದ ಅಳೆಯುತ್ತೇವೆ. ಮಾಳಿಗೆಯ ವೃತ್ತದಲ್ಲೂ ಅದನ್ನೇ ಮಾಡಿದ್ದೆ. ದಿನಗಳಿಗೂ ಹಾಗೇ ಮಾಡಿದರೆ?

ನಮ್ಮ ಮಾಳಿಗೆಯಿಂದ ಪೂರ್ವಕ್ಕೆ ಬಂಡೆಗಳ ಗುಡ್ಡಸಾಲು ಕಾಣುತ್ತದೆ. ಕೊಪ್ಪಳ ಸೀಮೆಯಲ್ಲಿ ಇದಕ್ಕೇನು ಕೊರತೆ? ಪಶ್ಚಿಮದ ಕಟ್ಟೆಗೋಡೆಗೆ ಒಂದು ಮೊಳೆ ಹೊಡೆದೆ, ಕಣ್ಣು ಇಡುವ ಜಾಗ ಅದೇ. ಡಿಸೆಂಬರ್ 2ರ ಬೆಳಿಗ್ಗೆ ಎರಡು ಬಂಡೆಗುಂಡುಗಳ ಸಂದಿಯಲ್ಲಿ ಸೂರ್ಯನ ಮೊದಲ ಅಂಚು ಮಿಂಚಿತು. ಆಮೇಲೆ ಅವನು ದಕ್ಷಿಣಕ್ಕೆ ಸರಿದು, ಬಹಳ ದಿನ ಒಂದೇ ಬಂಡೆಯ ಹೆಗಲ ಮೇಲೆ ನಿಂತ ಹಾಗೆ ಇದ್ದ. ವಾಪಸ್ ಅದೇ ಸಂದಿಗೆ ಬಂದದ್ದು ಜನವರಿ 11ಕ್ಕೆ. ನಡುವೆ 40 ದಿನ. ಅರ್ಧ ಮಾಡಿದರೆ 20. ಡಿಸೆಂಬರ್ 2ಕ್ಕೆ 20 ಸೇರಿಸಿದರೆ 22. ಆ ವರ್ಷ ಸೂರ್ಯ ಹೊರಳಿದ್ದು ಡಿಸೆಂಬರ್ 22ರ ಬೆಳಿಗ್ಗೆ ಒಂಬತ್ತರ ಹತ್ತಿರ! ಒಂದು ಮೊಳೆ ಮತ್ತು ಎರಡು ಗುಂಡಿನಿಂದ ಅದು ಸಿಕ್ಕಿತು. ಅವತ್ತಿನ ಖುಷಿ ನನಗೆ ಇನ್ನೂ ಇಳಿದಿಲ್ಲ.

ಮಾಡುವವರಿಗೆ ಎರಡು ಮಾತು. ಗುರುತಿನ ಬಂಡೆ ದೂರ ಇರಲಿ, ಒಂದು ಕಿಲೋಮೀಟರ್ ಆದರೂ. 50 ಮೀಟರ್ ದೂರದ ಬಂಡೆ ಆದರೆ ನೀವು ಒಂದು ಹೆಜ್ಜೆ ಆಚೆ ಈಚೆ ನಿಂತರೂ ಒಂದೂವರೆ ಸೂರ್ಯನ ಅಗಲದಷ್ಟು ತಪ್ಪು ಬರುತ್ತದೆ. ಮೊದಲು ನಾನು ಮೊಳೆ ಇಲ್ಲದೆ ಸುಮ್ನೆ ನಿಂತು ನೋಡಿ ಒಂದು ವಾರ ಕಳೆದುಕೊಂಡಿದ್ದೆ. ಇನ್ನೊಂದು, ಮೊದಲ ಅಂಚು ಕಂಡ ಕೂಡಲೇ ಕಣ್ಣು ತೆಗೆಯಿರಿ. ಗ್ರಹಣದ ಕನ್ನಡಕ ಇಟ್ಟುಕೊಂಡರೆ ಒಳ್ಳೆಯದು.

ಸಂಕ್ರಾಂತಿ ದಿನ ಅವ್ವನನ್ನು ಮಾಳಿಗೆಗೆ ಕರೆದುಕೊಂಡು ಹೋದೆ. "ಇವತ್ತಿಂದ ಸೂರ್ಯ ಉತ್ತರಕ್ಕ ಹೊಂಟ" ಅಂದಳು. "ಅವ್ವಾ, ಅವ ಹೊಂಟು ಮೂರು ವಾರ ಆತು" ಅಂತ ತೋರಿಸಿದೆ. ದಕ್ಷಿಣದ ಕೊನೆಯ ಗುರುತಿಗೂ ಅವತ್ತಿನ ಸೂರ್ಯನಿಗೂ ನಡುವೆ ನಾಲ್ಕೈದು ಸೂರ್ಯರನ್ನು ಪಕ್ಕಪಕ್ಕ ಇಡುವಷ್ಟು ಜಾಗ. ಸುಮಾರು 1700 ವರ್ಷದ ಹಿಂದೆ ಸಂಕ್ರಾಂತಿ, ಸೂರ್ಯ ಹೊರಳುವ ದಿನ ಎರಡೂ ಒಂದೇ ಹೊತ್ತಿಗೆ ಬರುತ್ತಿದ್ದವು. ಭೂಮಿ ಬುಗುರಿಯ ಹಾಗೆ ತಲೆ ಆಡಿಸುತ್ತದೆ, ಒಂದು ಸುತ್ತಿಗೆ ಸುಮಾರು 26,000 ವರ್ಷ. ಅದರಿಂದ 72 ವರ್ಷಕ್ಕೆ ಒಂದು ದಿನದಂತೆ ಸಂಕ್ರಾಂತಿ ದೂರ ಸರಿಯುತ್ತಿದೆ. ಸಂಕ್ರಾಂತಿ ಸುಳ್ಳಲ್ಲ, ಅದು ನಕ್ಷತ್ರಗಳ ನಡುವೆ ಸೂರ್ಯ ಮಕರಕ್ಕೆ ಬರುವ ಲೆಕ್ಕ. ಅವ್ವ ಬಹಳ ಹೊತ್ತು ಗುಡ್ಡ ನೋಡಿದಳು. "ಹಂಗಾರ ಎರಡು ಸಲ ಎಳ್ಳು ಬೆಲ್ಲ ತಿನ್ನೋಣು" ಅಂದಳು. ಈಗ ನಮ್ಮ ಮನೆಯಲ್ಲಿ ಎರಡೂ ದಿನ ಎಳ್ಳು ಹುರಿಯುತ್ತೇವೆ.

ಚಂದ್ರ ಸೇರಿಕೊಂಡದ್ದು 2024ರ ಕಾರಹುಣ್ಣಿಮೆಗೆ. ಆ ಸಲ ಹುಣ್ಣಿಮೆಯೂ ಜೂನ್ 21ರ ಸಂಜೆಯೇ. ಊರಲ್ಲಿ ಕರಿ ಹರಿದು ಎತ್ತುಗಳು ಮನೆಗೆ ಬರುತ್ತಿದ್ದವು. ಹುಣ್ಣಿಮೆ ಚಂದ್ರ ಸೂರ್ಯನ ಎದುರಿಗೇ ಇರುತ್ತಾನೆ ಅಲ್ವಾ? ಹಾಗಾಗಿ ಜೂನ್ ಹುಣ್ಣಿಮೆ ಚಂದ್ರ ಹುಟ್ಟುವುದು ಡಿಸೆಂಬರ್ ಸೂರ್ಯ ಹುಟ್ಟುವ ಕಡೆ. ನಾನು ಮೊಳೆಗೆ ಕಣ್ಣಿಟ್ಟು ಡಿಸೆಂಬರ್ ಬಂಡೆಯನ್ನೇ ಕಾಯುತ್ತಿದ್ದೆ. ಮೋಡದ ಸಂದಿಯಲ್ಲಿ ಮಬ್ಬು ಕೆಂಪಗೆ ಬಂದ. ಆದರೆ ಬಂಡೆಯ ಹೆಗಲಿನಲ್ಲಲ್ಲ, ಇನ್ನೂ ಆಚೆ, ದಕ್ಷಿಣಕ್ಕೆ! ಕೈ ಚಾಚಿ ಬೆರಳು ಅಡ್ಡ ಹಿಡಿದೆ. ಮೂರು ಬೆರಳು, ಅಂದರೆ ಸುಮಾರು 5 ಡಿಗ್ರಿ.

ಈ 5 ಡಿಗ್ರಿಯಲ್ಲೇ ಎಲ್ಲ ಇದೆ. ಚಂದ್ರನ ದಾರಿ ಸೂರ್ಯನ ದಾರಿಗೆ ಅಷ್ಟು ಓರೆ. ಒಂದು ಚೆಂಡಿಗೆ ಎರಡು ದಾರ ಸ್ವಲ್ಪ ಓರೆಯಾಗಿ ಸುತ್ತಿ ನೋಡಿ. ಎರಡೇ ಕಡೆ ಒಂದನ್ನೊಂದು ದಾಟುತ್ತವೆ. ಆ ಎರಡು ಜಾಗವೇ ರಾಹು, ಕೇತು. ಅಮಾವಾಸ್ಯೆ ಅದರ ಹತ್ತಿರ ಬಿದ್ದರೆ ಮಾತ್ರ ಸೂರ್ಯ, ಚಂದ್ರ, ಭೂಮಿ ಒಂದೇ ದಾರಕ್ಕೆ ಬಂದು ಸೂರ್ಯಗ್ರಹಣ. ಈ ದಾಟುವ ಜಾಗಗಳು 18.6 ವರ್ಷಕ್ಕೆ ಒಂದು ಸುತ್ತು ಹಿಂದಕ್ಕೆ ಸರಿಯುತ್ತವೆ. 2020ರ ಮಣ್ಣೆತ್ತಿನ ಅಮಾವಾಸ್ಯೆಗೆ ಅವುಗಳಲ್ಲಿ ಒಂದು ಜೂನ್ 21ರ ಸೂರ್ಯ ನಿಲ್ಲುವ ಕಡೆಗೇ ಬಂದಿತ್ತು. ಮಗಳ ಕಡಿದ ರೊಟ್ಟಿಗಳು ಬಿದ್ದದ್ದು ಅದರಿಂದ. ನಾಲ್ಕು ವರ್ಷದಲ್ಲಿ ಅದು ಹೆಚ್ಚು ಕಡಿಮೆ ಕಾಲು ಸುತ್ತು ಸರಿಯಿತು. ಆಗ ಅದೇ ಜಾಗದಲ್ಲಿ ಎರಡು ದಾರಿಗಳ ನಡುವಿನ ಅಂತರ ಅತಿ ಹೆಚ್ಚು. ಅದಕ್ಕೇ ಚಂದ್ರ ಡಿಸೆಂಬರ್ ಸೂರ್ಯನ ಎಲ್ಲೆಯನ್ನೂ ದಾಟಿ ಹೋದ. ಗ್ರಹಣಕ್ಕೂ ಈ ದಾಟುವಿಕೆಗೂ ಕಾರಣ ಒಂದೇ. ಇದು ಅರ್ಥವಾದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಜೂನ್ 21ರಂದೇ ಸೂರ್ಯಗ್ರಹಣ 2001ರಲ್ಲೂ ಆಗಿತ್ತು, 2039ರಲ್ಲೂ ಆಗುತ್ತದೆ. ಪ್ರತಿ ಸಲ ನಡುವೆ 19 ವರ್ಷ, ಯಾಕಂದರೆ 19 ವರ್ಷಕ್ಕೆ ಹೆಚ್ಚು ಕಡಿಮೆ ಸರಿಯಾಗಿ 235 ಚಾಂದ್ರಮಾಸ.

ಆಮೇಲೆ ಒಮ್ಮೆ ರಾಯಚೂರಿಗೆ ಕೆಲಸಕ್ಕೆ ಹೋದವನು ಕೃಷ್ಣಾ ದಾಟಿ ತೆಲಂಗಾಣದ ಮುಡುಮಾಲ್‌ಗೆ ಹೋಗಿ ಬಂದೆ. ಹೊಲದಲ್ಲಿ ಆಳೆತ್ತರ ಮೀರಿದ ನಿಲುಗಲ್ಲುಗಳು. ಕೆಲವು ಸಾಲುಗಳು ಸೂರ್ಯ ಹೊರಳುವ ದಿನಗಳ ಹುಟ್ಟು, ಮುಳುಗಿಗೆ ಹೊಂದುತ್ತವೆ ಅಂತ ಸಂಶೋಧಕರು ಹೇಳುತ್ತಾರೆ. ನಾನು ಹೋದದ್ದು ಬೇರೆ ದಿನ, ಸೂರ್ಯನನ್ನು ನೋಡಲಿಲ್ಲ. ಕಲ್ಲಿನ ಬುಡ ನೋಡಿದೆ. ಅಷ್ಟು ಭಾರದ ಕಲ್ಲು ನಿಲ್ಲಿಸಿ, ಇಷ್ಟು ಸಾವಿರ ವರ್ಷ ಬೀಳದ ಹಾಗೆ ಬಿಗಿ ಮಾಡಿದವರ ಕೈ ದೊಡ್ಡದು.

ನನ್ನ ಕಟ್ಟೆಗೋಡೆಯ ಬಣ್ಣದ ಗುರುತು ಎರಡು ಮಳೆಗೆ ಅಳಿಸಿತ್ತು. ಈಗ ಉಳಿಯಿಂದ ಕೊರೆದಿದ್ದೇನೆ. ಜೂನ್ ಸೂರ್ಯ, ಡಿಸೆಂಬರ್ ಸೂರ್ಯ, ಕಾರಹುಣ್ಣಿಮೆಯ ಚಂದ್ರ. 2034ರ ಹೊತ್ತಿಗೆ ಚಂದ್ರ ತಿರುಗಿ ಸೂರ್ಯನ ಎಲ್ಲೆಯ ಒಳಗೆ 5 ಡಿಗ್ರಿ ಬರುತ್ತಾನೆ. ಆ ಗುರುತಿಗೆ ಜಾಗ ಬಿಟ್ಟು ಮಗಳು ಈಗಲೇ ಪೆನ್ಸಿಲಿನಲ್ಲಿ ಇಸವಿ ಬರೆದಿಟ್ಟಿದ್ದಾಳೆ.